ಉಣಕಲ್ ಕೆರೆಯ ಬಾತುಕೋಳಿ ಮತ್ತು ‘ಹೊಟ್ಟಿ ತುಂಬತೈತೇನು?’ ಎಂಬ ಪ್ರಶ್ನೆ

ಸಂಜೆ ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಯ ಮೇಲೆ ಗಿರಮಿಟ್ ತಿನ್ನುತ್ತ ಕೂತಿದ್ದೆವು. ಜೊತೆಗೆ ಅಕ್ಕನ ಮಗ ಇದ್ದ. ಎಂಜಿನಿಯರಿಂಗ್ ಮೂರನೇ ವರ್ಷ. ಅವನ ಗೆಳೆಯನೊಬ್ಬ ಧಾರವಾಡದಲ್ಲಿ ಗಣಿತ ಎಂ.ಎಸ್‌ಸಿ ಓದುತ್ತಿದ್ದಾನೆ. ಮುಂದೆ ಜಿಯೊಮೆಟ್ರಿಕ್ ಗ್ರೂಪ್ ಥಿಯರಿಯಲ್ಲಿ ಪಿಎಚ್‌.ಡಿ ಮಾಡುತ್ತಾನಂತೆ. ‘ಮಾಮಾ, ಅದರಿಂದ ಹೊಟ್ಟಿ ತುಂಬತೈತೇನು?’ ಎಂದು ಇವನು ಕೇಳಿದ. ವ್ಯಂಗ್ಯ ಇರಲಿಲ್ಲ. ನಿಜವಾಗಿಯೂ ಗೊತ್ತಾಗಬೇಕಿತ್ತು ಅವನಿಗೆ.

ನಾನು ಉತ್ತರ ಕೊಡಲಿಲ್ಲ. ನೀರಿನಲ್ಲಿ ಹೊರಟಿದ್ದ ಬಾತುಕೋಳಿ ತೋರಿಸಿದೆ. ಅದರ ಹಿಂದೆ ಎರಡು ಗೆರೆ ಬಿಚ್ಚಿಕೊಳ್ಳುತ್ತ ಹೋಗುತ್ತವಲ್ಲ, ಆ ಗೆರೆಗಳ ನಡುವಿನ ಕೋನ ಸುಮಾರು 39 ಡಿಗ್ರಿ. ಕಾರವಾರದ ಕಡಲಿನಲ್ಲಿ ಹೋಗುವ ಹಡಗಿನ ಹಿಂದೆಯೂ 39 ಡಿಗ್ರಿ. ನೀರು ಸಾಕಷ್ಟು ಆಳ ಇದ್ದರೆ ಆಯಿತು. ಬಾತುಕೋಳಿ ಎಷ್ಟು ದೊಡ್ಡದು, ಹಡಗು ಎಷ್ಟು ಭಾರ ಎಂದು ಆ ಕೋನ ಕೇಳುವುದಿಲ್ಲ. ಇದನ್ನು ಲಾರ್ಡ್ ಕೆಲ್ವಿನ್ 1887ರಲ್ಲಿ ಲೆಕ್ಕ ಹಾಕಿ ತೋರಿಸಿದ. ಎಲ್ಲ ಮುಗಿಯಿತು ಎಂದುಕೊಂಡರೆ, 126 ವರ್ಷದ ನಂತರ 2013ರಲ್ಲಿ ಇಬ್ಬರು ಫ್ರೆಂಚ್ ವಿಜ್ಞಾನಿಗಳು ಅದೇ ಪ್ರಶ್ನೆ ಮತ್ತೆ ಎತ್ತಿದರು. ದೋಣಿ ತನ್ನ ಉದ್ದಕ್ಕೆ ಹೋಲಿಸಿದರೆ ತುಂಬಾ ಜೋರಾಗಿ ಹೋದಾಗ ಕಣ್ಣಿಗೆ ಕಾಣುವ ಕೋನ ಕಿರಿದಾಗುತ್ತದೆ ಎಂದು ತೋರಿಸಿದರು.

ಹುಡುಗನ ಪ್ರಶ್ನೆ ಅವನೊಬ್ಬನದಲ್ಲ. ಇವತ್ತು ದೆಹಲಿಯಲ್ಲಿ ಸಂಶೋಧನೆಯ ದುಡ್ಡು ಹಂಚುವವರೂ ಅದನ್ನೇ ಬೇರೆ ಮಾತಿನಲ್ಲಿ ಕೇಳುತ್ತಿದ್ದಾರೆ. ಹಾಗಾಗಿ ಮೂರು ವಿಷಯ ಇಟ್ಟುಕೊಂಡು ನೋಡೋಣ ಅನಿಸಿತು: ಗ್ರೂಪ್ ಥಿಯರಿಯ ಈ ಕವಲು, ಕ್ವಾಂಟಮ್ ಫೀಲ್ಡ್ ಥಿಯರಿ, ಮತ್ತು ಹಾಯಿದೋಣಿಯ ಸುತ್ತ ನೀರು ಹರಿಯುವ ಶಾಸ್ತ್ರ. ಮೂರೂ ನಮ್ಮ ಊರಿಗೆ ಸಂಬಂಧವೇ ಇಲ್ಲ ಅನಿಸುವಂಥವು. ಮೂರರ ಖರ್ಚು ಬೇರೆ ಬೇರೆ, ಉಪಯೋಗ ಬರುವ ದಾರಿಯೂ ಬೇರೆ ಬೇರೆ. ನಾನು ಹೇಳಬೇಕೆಂದಿರುವುದೂ ಇದನ್ನೇ. ಎಲ್ಲದಕ್ಕೂ ಒಂದೇ ಮಾಪು ಹಿಡಿದರೆ ಮೊದಲು ಸಾಯುವುದು ಅತಿ ಅಗ್ಗದ ಸಂಶೋಧನೆ. ಧಾರವಾಡದಂಥ ಊರಿಗೆ ಕೈಗೆಟುಕುವುದು ಅದೊಂದೇ.

ಕಸೂತಿ, ಡಂಬಳ ಮತ್ತು ಗ್ರೂಪು

ಮೊದಲು ಗ್ರೂಪ್ ಅಂದರೇನು? ಕನ್ನಡದಲ್ಲಿ ಗುಂಪು, ಸಮೂಹ ಎಂದೆಲ್ಲ ಬರೆಯುತ್ತಾರೆ. ಕ್ಲಾಸಿನಲ್ಲಿ ಮೇಷ್ಟ್ರು ಹೇಳುವುದು ಮಾತ್ರ ‘ಗ್ರೂಪು’. ನಾನೂ ಹಾಗೇ ಕರೆಯುತ್ತೇನೆ.

ಗದಗ ಜಿಲ್ಲೆಯ ಡಂಬಳಕ್ಕೆ ಹೋದವರು ದೊಡ್ಡಬಸಪ್ಪನ ಗುಡಿ ನೋಡಿರುತ್ತೀರಿ. ಅದರ ತಳ 24 ಮೂಲೆಯ ಚುಕ್ಕಿ. ಒಂದು ಚೌಕವನ್ನು 15 ಡಿಗ್ರಿಯಂತೆ ತಿರುಗಿಸುತ್ತ ಒಂದರ ಮೇಲೊಂದು ಆರು ಸಲ ಬರೆದರೆ ಅಂಥ 24 ಮೂಲೆ ಸಿಗುತ್ತವೆ. ಆ ಚುಕ್ಕಿಯನ್ನು 15 ಡಿಗ್ರಿ ತಿರುಗಿಸಿದರೆ ತಿರುಗಿಸಿದ್ದೇ ಗೊತ್ತಾಗುವುದಿಲ್ಲ. ಹಾಗೆ ಗೊತ್ತಾಗದಂತೆ ತಿರುಗಿಸುವ ದಾರಿ 24, ಕನ್ನಡಿಯಂತೆ ಮಗುಚುವ ದಾರಿ 24. ಒಟ್ಟು 48. ಒಂದರ ನಂತರ ಇನ್ನೊಂದು ಮಾಡಿದರೆ ಬರುವುದೂ ಈ 48ರಲ್ಲೇ ಒಂದು. ಮಾಡಿದ್ದನ್ನು ವಾಪಸ್ ಮಾಡಲೂ ಬರುತ್ತದೆ. ಇಂಥ ಕಟ್ಟಿಗೆ ಗ್ರೂಪ್ ಎನ್ನುತ್ತಾರೆ. ಕಲ್ಲು ಕೆತ್ತಿದವರಿಗೆ ಈ ಹೆಸರು ಬೇಕಿರಲಿಲ್ಲ, ಅಲ್ವಾ?

ಡಂಬಳದ ಗ್ರೂಪು ಚಿಕ್ಕದು, 48ಕ್ಕೆ ಮುಗಿಯಿತು. ಮುಗಿಯದ ಗ್ರೂಪುಗಳೂ ಇವೆ. ಅಲ್ಲಿಂದ ಕಥೆ ರುಚಿ ಕಟ್ಟುತ್ತದೆ.

ನಮ್ಮ ಕಡೆಯ ಕಸೂತಿ ನೆನಪಿಸಿಕೊಳ್ಳಿ. ಗವಂತಿ ಹೊಲಿಗೆಯಲ್ಲಿ ದಾರ ಒಂದು ಗೆರೆಯಲ್ಲಿ ಬಿಟ್ಟು ಬಿಟ್ಟು ಹೋಗುತ್ತದೆ. ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಗಂಟು ಹಾಕುವಂತಿಲ್ಲ, ಸೀರೆಯ ಎರಡೂ ಕಡೆ ಒಂದೇ ಥರ ಕಾಣಬೇಕು. ಹೊರಟ ಜಾಗಕ್ಕೇ ದಾರ ಮರಳಬೇಕು. ಈಗ ನಿಮ್ಮ ಕೈಯಲ್ಲಿ ಒಂದು ಚೀಟಿ ಇದೆ ಅನ್ನಿ: ಬಲಕ್ಕೆ ಒಂದು, ಮೇಲಕ್ಕೆ ಒಂದು, ಎಡಕ್ಕೆ ಒಂದು, ಕೆಳಕ್ಕೆ ಒಂದು, ಹೀಗೆ ಸಾವಿರ ಹೆಜ್ಜೆ. ಹೊಲಿಯದೆ, ಚೀಟಿ ನೋಡಿಯೇ ದಾರ ಹೊರಟಲ್ಲಿಗೆ ಬರುತ್ತದೋ ಇಲ್ಲವೋ ಹೇಳಬಹುದೇ? ಈ ಹೆಜ್ಜೆಗಳದೂ ಒಂದು ಗ್ರೂಪು, ಮುಗಿಯದ ಗ್ರೂಪು. ಬಟ್ಟೆಯ ಮೇಲಾದರೆ ಸುಲಭ. ಎಡ ಬಲ ಸಮ ಇರಬೇಕು, ಮೇಲೆ ಕೆಳಗೆ ಸಮ ಇರಬೇಕು. ಆದರೆ ಗ್ರೂಪು ಬೇರೆ ಇದ್ದರೆ, ಹೆಜ್ಜೆಗಳ ನಿಯಮ ಬೇರೆ ಇದ್ದರೆ? 1911ರಲ್ಲಿ ಮ್ಯಾಕ್ಸ್ ಡೇನ್ ಎಂಬ ಜರ್ಮನ್ ಗಣಿತಜ್ಞ ಈ ಪ್ರಶ್ನೆ ಮುಂದಿಟ್ಟ. 1955ರಲ್ಲಿ ರಷ್ಯದ ನೊವಿಕೊವ್ ಉತ್ತರ ಕೊಟ್ಟ. ಕೆಲವು ಗ್ರೂಪುಗಳಲ್ಲಿ ಇದನ್ನು ಹೇಳಬಲ್ಲ ಯಾವ ವಿಧಾನವೂ ಇಲ್ಲ, ಮುಂದೆ ಎಂಥ ಕಂಪ್ಯೂಟರ್ ಬಂದರೂ ಇರುವುದಿಲ್ಲ.

ಜಿಯೊಮೆಟ್ರಿಕ್ ಎಂಬ ಮಾತು ಎಲ್ಲಿಂದ ಬಂತು? ಗ್ರೂಪನ್ನು ಒಂದು ಊರು ಎಂದುಕೊಳ್ಳಿ, ಚೀಟಿಯ ಒಂದೊಂದು ಹೆಜ್ಜೆ ಅಲ್ಲಿ ಒಂದು ಚೌಕಿನಿಂದ ಇನ್ನೊಂದಕ್ಕೆ ಹೋಗುವ ದಾರಿ. ಪ್ರತಿ ಚೌಕಿನಲ್ಲೂ ನಾಲ್ಕು ದಾರಿ. ಒಂದು ಊರಲ್ಲಿ ರಸ್ತೆಗಳು ಚದುರಂಗದ ಮಣೆಯಂತೆ ಅಡ್ಡ ಉದ್ದ ಇವೆ. ಇನ್ನೊಂದು ಊರಲ್ಲಿ ರಸ್ತೆಗಳು ಮರದ ಟೊಂಗೆಯಂತೆ ಕವಲೊಡೆಯುತ್ತವೆ, ಮತ್ತೆಲ್ಲೂ ಸೇರುವುದಿಲ್ಲ. ಮನೆಯಿಂದ ಹತ್ತು ಚೌಕಿನೊಳಗೆ ಎಷ್ಟು ಜಾಗ ತಲುಪಬಹುದು? ಮೊದಲ ಊರಲ್ಲಿ 221. ಎರಡನೆಯದರಲ್ಲಿ 1,18,097. ಎರಡರಲ್ಲೂ ಚೌಕಿಗೆ ನಾಲ್ಕೇ ದಾರಿ, ವ್ಯತ್ಯಾಸ ನೋಡಿ! ಊರು ಹೇಗೆ ಬೆಳೆಯುತ್ತದೆ ಎಂದು ದೂರದಿಂದ ಎಣಿಸಿದರೆ ಸಾಕು, ಒಳಗಿನ ಬೀಜಗಣಿತ ಎಂಥದ್ದು ಎಂದು ಹೇಳಬಹುದು ಎಂದು ಮಿಖಾಯಿಲ್ ಗ್ರೊಮೊವ್ 1981ರಲ್ಲಿ ತೋರಿಸಿದ. ನಿಧಾನವಾಗಿ ಬೆಳೆಯುವ ಊರುಗಳ ಒಳಗೆ ಒಂದು ಶಿಸ್ತು ಇದ್ದೇ ಇರುತ್ತದೆ ಎಂಬುದು ಅವನ ಪ್ರಮೇಯದ ತಿರುಳು. ಮರದಂತೆ ಕವಲೊಡೆಯುವ ಊರುಗಳಿಗೂ ಅವುಗಳ ಸಂಬಂಧಿಕರಿಗೂ 1987ರಲ್ಲಿ ಹೈಪರ್ಬಾಲಿಕ್ ಎಂಬ ಹೆಸರು ಕೊಟ್ಟು ಹೊಸ ಶಾಸ್ತ್ರವನ್ನೇ ಕಟ್ಟಿದ. ಡೇನನ ಚೀಟಿಯ ಪ್ರಶ್ನೆಗೆ ಆ ಊರುಗಳಲ್ಲಿ ಸುಲಭ ಉತ್ತರ ಇದೆ.

ಇನ್ನು ಹೊಟ್ಟೆಯ ಪ್ರಶ್ನೆ. ಇಲ್ಲಿ ಸುಳ್ಳು ಹೇಳಬಾರದು. ಈ ಗ್ರೂಪುಗಳಿಂದ ಗುಪ್ತಲಿಪಿ ಮಾಡುತ್ತೇವೆ ಎಂದು 1999ರ ಸುಮಾರಿಗೆ ಹೊರಟವರಿದ್ದರು. ಅದು ಅಂದುಕೊಂಡಷ್ಟು ನಡೆಯಲಿಲ್ಲ. ಯಾರೂ ಉಪಯೋಗ ಹುಡುಕದ ಕಡೆ ಅದು ಸಿಕ್ಕಿತು. 1967ರಲ್ಲಿ ಕಜ್ದಾನ್ ಎಂಬ ಯುವಕ ಗ್ರೂಪುಗಳ ಒಂದು ಗುಣಕ್ಕೆ ಹೆಸರಿಟ್ಟ. ಪಕ್ಕಾ ಒಣ ಗಣಿತ. 1973ರಲ್ಲಿ ಮಾರ್ಗುಲಿಸ್ ಅದನ್ನೇ ಹಿಡಿದು, ಕಡಿಮೆ ತಂತಿಯಲ್ಲಿ ಎಲ್ಲರನ್ನೂ ಗಟ್ಟಿಯಾಗಿ ಬೆಸೆಯುವ ಜಾಲ ಕಟ್ಟುವುದು ಹೇಗೆ ಎಂದು ತೋರಿಸಿದ. ಅಂಥ ಜಾಲಗಳಿಗೆ ಎಕ್ಸ್‌ಪಾಂಡರ್ ಎನ್ನುತ್ತಾರೆ. ದೂರವಾಣಿ ಜಾಲದ ಲೆಕ್ಕದಿಂದ ಹಿಡಿದು ಸಂದೇಶದ ತಪ್ಪು ತಿದ್ದುವ ಕೋಡುಗಳವರೆಗೆ ಅವು ಬಂದವು. 1967ರಲ್ಲಿ ಕಜ್ದಾನ್ ಅರ್ಜಿ ಬರೆದಿದ್ದರೆ ‘ನಿರೀಕ್ಷಿತ ಫಲ’ ಎಂಬ ಕಾಲಮ್ಮಿನಲ್ಲಿ ಏನು ತುಂಬುತ್ತಿದ್ದ?

ಹಾಯಿ, ಮಹಾದಾಯಿ ಮತ್ತು ಗದಗಿನ ಗಾಳಿ

ಹಾಯಿದೋಣಿಯದು ಇದಕ್ಕೆ ತದ್ವಿರುದ್ಧ ಕಥೆ. ಅಲ್ಲಿ ದುಡ್ಡು ಹರಿಯುತ್ತದೆ, ಶ್ರೀಮಂತರ ದುಡ್ಡು. ಅಮೆರಿಕಾಸ್ ಕಪ್ ಎಂಬ ಪಂದ್ಯ 1851ರಿಂದ ಇದೆ. 132 ವರ್ಷ ಅಮೆರಿಕದವರೇ ಗೆದ್ದರು. 1983ರಲ್ಲಿ ಆಸ್ಟ್ರೇಲಿಯಾದ ದೋಣಿ ಅದನ್ನು ಕಿತ್ತುಕೊಂಡಿತು. ಗೆಲ್ಲಿಸಿದ್ದು ದೋಣಿಯ ಹೊಟ್ಟೆಯ ಕೆಳಗಿದ್ದ ರೆಕ್ಕೆ. ಅದನ್ನು ನೆದರ್‌ಲ್ಯಾಂಡ್ಸ್‌ನ ಉದ್ದನೆಯ ನೀರಿನ ತೊಟ್ಟಿಯಲ್ಲಿ ಮಾದರಿ ಎಳೆದು ಪರೀಕ್ಷಿಸಿದ್ದರು.

ಇಂಥ ತೊಟ್ಟಿಗಳಿಗೆ ದಾರಿ ಹಾಕಿದವನು ವಿಲಿಯಂ ಫ್ರೌಡ್, ಇಂಗ್ಲೆಂಡಿನ ಟಾರ್ಕಿಯಲ್ಲಿ, 1872ರ ಹೊತ್ತಿಗೆ. ಆಟಿಕೆ ದೋಣಿ ಎಳೆದು ಹಡಗಿನ ಬಗ್ಗೆ ಏನು ತಿಳಿಯುತ್ತದೆ ಎಂದು ಆಗಿನ ದೊಡ್ಡ ಹಡಗು ಎಂಜಿನಿಯರುಗಳೇ ಮೂಗು ಮುರಿದಿದ್ದರು. ಫ್ರೌಡ್ ಕಂಡುಕೊಂಡದ್ದು ಸರಳ. ಹಡಗಿನ ಹದಿನಾರನೇ ಒಂದು ಭಾಗದ ಮಾದರಿಯನ್ನು ಹಡಗಿನ ವೇಗದ ಕಾಲು ಭಾಗದಲ್ಲಿ ಎಳೆದರೆ ಏಳುವ ಅಲೆಗಳ ಆಕಾರ ಒಂದೇ. ಆದರೆ ನೀರು ಹಡಗಿನ ಮೈಗೆ ಉಜ್ಜುವ ಘರ್ಷಣೆ ಈ ನಿಯಮ ಕೇಳುವುದಿಲ್ಲ. ಅದನ್ನು ಬೇರೆ ಲೆಕ್ಕ ಮಾಡಿ ಕೂಡಿಸಬೇಕು. ಇವತ್ತಿಗೂ ಹಡಗಿನ ಲೆಕ್ಕ ಹೀಗೆ ಎರಡು ಭಾಗವಾಗಿಯೇ ನಡೆಯುತ್ತದೆ.

ದೋಣಿ ತಾನೇ ಎಬ್ಬಿಸಿದ ಅಲೆಯಲ್ಲಿ ಸಿಕ್ಕಿಬೀಳುತ್ತದೆ ಎಂಬುದು ಇನ್ನೊಂದು ಮಜಾ. ವೇಗ ಹೆಚ್ಚಿದಂತೆ ಮುಂದಿನ ಅಲೆಗೂ ಹಿಂದಿನ ಅಲೆಗೂ ನಡುವಿನ ದೂರ ಹೆಚ್ಚುತ್ತದೆ. ಆ ದೂರ ದೋಣಿಯ ಉದ್ದದಷ್ಟಾದಾಗ ದೋಣಿ ತನ್ನ ಅಲೆಯನ್ನೇ ಏರಬೇಕಾಗುತ್ತದೆ. ನೀರು ಮುಟ್ಟುವ ಉದ್ದ 49 ಅಡಿ ಇದ್ದರೆ ಈ ತಡೆ ಬರುವುದು ಸುಮಾರು 9.4 ನಾಟ್‌ಗೆ, ಅಂದರೆ ಗಂಟೆಗೆ 17 ಕಿ.ಮೀ.ಗೆ. ಹುಬ್ಬಳ್ಳಿ ರಸ್ತೆಯಲ್ಲಿ ಸೈಕಲ್ ಹೊಡೆಯುವ ವೇಗ. ತಪ್ಪಿಸಿಕೊಳ್ಳಬೇಕಾದರೆ ದೋಣಿ ನೀರಿನಿಂದ ಮೇಲೇಳಬೇಕು. ಈಗಿನ ಅಮೆರಿಕಾಸ್ ಕಪ್ ದೋಣಿಗಳು ಅದನ್ನೇ ಮಾಡುತ್ತವೆ. ನೀರೊಳಗಿನ ರೆಕ್ಕೆಗಳ ಮೇಲೆ ಎದ್ದು ನಿಂತು 50 ನಾಟ್ ಮುಟ್ಟುತ್ತವೆ. ಬೀಸುವ ಗಾಳಿಗಿಂತ ಎಷ್ಟೋ ಜಾಸ್ತಿ.

ಗಾಳಿಗಿಂತ ಜೋರಾಗಿ ಗಾಳಿಯಿಂದಲೇ ಹೋಗುವುದು ಹೇಗೆ ಎಂದು ಕೇಳುವವರು ಗದಗಕ್ಕೆ ಬರಲಿ. ಕಪ್ಪತಗುಡ್ಡದ ಕಡೆ ತಿರುಗುವ ಗಾಳಿಯಂತ್ರದ ರೆಕ್ಕೆಯ ತುದಿ ಗಾಳಿಗಿಂತ ಹಲವು ಪಟ್ಟು ವೇಗದಲ್ಲಿ ಓಡುತ್ತಿರುತ್ತದೆ. ಗಾಳಿ ಅದನ್ನು ಹಿಂದಿನಿಂದ ತಳ್ಳುತ್ತಿಲ್ಲ. ರೆಕ್ಕೆಯ ಎರಡು ಮೈಗಳ ನಡುವೆ ಒತ್ತಡದ ವ್ಯತ್ಯಾಸವಾಗಿ ಅದು ಅಡ್ಡಕ್ಕೆ ಎಳೆಯಲ್ಪಡುತ್ತದೆ. ಹಾಯಿ ಮಾಡುವ ಕೆಲಸವೂ ಇದೇ. ದೋಣಿಯ ಕೆಳಗಿನ ರೆಕ್ಕೆಯದೂ ಇದೇ, ಅಲ್ಲಿ ಗಾಳಿಯ ಬದಲು ನೀರು. ಗುಡ್ಡದ ಮೇಲೆ ನಿಂತ ಗಾಳಿಯಂತ್ರ ಅಂದರೆ ಗೂಟಕ್ಕೆ ಕಟ್ಟಿದ ಹಾಯಿದೋಣಿ ಅನ್ನಬಹುದು.

ನಮಗೆ ಇನ್ನೂ ಹತ್ತಿರದ ಒಂದು ನಂಟಿದೆ. ಹಾಯಿಯಲ್ಲೇ ಭೂಮಿ ಸುತ್ತಿದ ನೌಕಾಪಡೆಯ ದೋಣಿಯ ಹೆಸರು ಮ್ಹಾದೇಯಿ. ಗೋವಾದಲ್ಲಿ ಕಟ್ಟಿದ 56 ಅಡಿಯ ದೋಣಿ, ವಿನ್ಯಾಸ ಡಚ್ಚರದು. ಅದರಲ್ಲಿ ಅಭಿಲಾಷ್ ಟಾಮಿ 2012–13ರಲ್ಲಿ ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿ ಬಂದರು. ಮ್ಹಾದೇಯಿ ಎಂಬುದು ನಮ್ಮ ಮಹಾದಾಯಿ ನದಿಯದೇ ಗೋವಾದ ಹೆಸರು. ನಮಗೆ ಮಹಾದಾಯಿ ಅಂದರೆ ನರಗುಂದ, ನವಲಗುಂದದ ಧರಣಿ, ಬಂದ್, 2018ರಲ್ಲಿ ನ್ಯಾಯಮಂಡಳಿ ಕೊಟ್ಟ 13.42 ಟಿಎಂಸಿ. ಅವರಿಗೆ ಅದು ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ದಾಟಿ ಬಂದ ಹೆಸರು. ಅದೇ ಥರದ ಇನ್ನೊಂದು ದೋಣಿ ತಾರಿಣಿಯಲ್ಲಿ ದಿಲ್ನಾ ಕೆ. ಮತ್ತು ರೂಪಾ ಎ. ಎಂಬ ಇಬ್ಬರು ಅಧಿಕಾರಿಗಳು 2024ರ ಅಕ್ಟೋಬರ್‌ನಲ್ಲಿ ಗೋವಾದಿಂದ ಹೊರಟು 2025ರ ಮೇ ಕೊನೆಗೆ ಭೂಮಿ ಸುತ್ತಿ ಮರಳಿದರು.

ಶ್ರೀಮಂತರ ಈ ಚಟದಿಂದ ಊರಿಗೇನು? 2023ರ ಆಗಸ್ಟ್‌ನಲ್ಲಿ ಪಿಕ್ಸಿಸ್ ಓಶನ್ ಎಂಬ ಸರಕು ಹಡಗು ಚೀನಾದಿಂದ ಬ್ರೆಜಿಲ್ ಕಡೆ ಹೊರಟಿತು. ಅದರ ಮೇಲೆ 37.5 ಮೀಟರ್ ಎತ್ತರದ ಎರಡು ಗಟ್ಟಿ ಹಾಯಿ ಇದ್ದವು. ಡೀಸೆಲ್ ಉಳಿಸಲು. ಆ ಹಾಯಿ ರೂಪಿಸಿದ ಬ್ರಿಟಿಷ್ ಕಂಪನಿ ಹುಟ್ಟಿದ್ದು ಒಂದು ಅಮೆರಿಕಾಸ್ ಕಪ್ ತಂಡದಿಂದ. ಪಂದ್ಯಕ್ಕೆ ಕಲಿತ ಲೆಕ್ಕ ಸೋಯಾಬೀನ್, ಅದಿರು ಹೊರುವ ಹಡಗಿಗೆ ಬಂತು. ಇಲ್ಲಿ ಉಪಯೋಗಕ್ಕೆ ನೇರ ದಾರಿ ಇದೆ. ಆದರೆ ತೊಟ್ಟಿ ಬೇಕು, ಕಡಲು ಬೇಕು, ಜೇಬು ಬೇಕು. ಹುಬ್ಬಳ್ಳಿಯಲ್ಲಿ ಕೂತು ಇದನ್ನು ಮಾಡುತ್ತೇವೆ ಎಂದರೆ ಸುಮ್ನೆ ಮಾತು.

ಅತಿ ಸರಿಯಾದ, ಆದರೆ ಸಾಬೀತಾಗದ ಶಾಸ್ತ್ರ

ಕ್ವಾಂಟಮ್ ಫೀಲ್ಡ್ ಥಿಯರಿಯನ್ನು ಚಿಕ್ಕದಾಗಿ ಮುಗಿಸುತ್ತೇನೆ. ನನಗೆ ಅದು ಅರ್ಧಂಬರ್ಧವೇ ಹತ್ತುತ್ತದೆ. ಖಾಲಿ ಜಾಗ ಖಾಲಿಯಲ್ಲ, ಅಲ್ಲೊಂದು ಕ್ಷೇತ್ರ ಸದಾ ಅಲುಗುತ್ತಿರುತ್ತದೆ, ಕಣಗಳು ಅದರ ಅಲೆಗಳು ಎಂಬುದು ಅದರ ಮೂಲ ಮಾತು. ಎಲೆಕ್ಟ್ರಾನ್ ಒಂದು ಪುಟ್ಟ ಅಯಸ್ಕಾಂತ. ಅದರ ಬಲದ ಅಂಕಿ ಸರಿಯಾಗಿ 2 ಇರಬೇಕು ಎಂದು ಮೊದಲ ಲೆಕ್ಕ. ಸುತ್ತಲ ಕ್ಷೇತ್ರದ ಅಲುಗಾಟದಿಂದ ಅದು ಸಾವಿರಕ್ಕೆ ಒಂದು ಚೂರಿನಷ್ಟು ಹೆಚ್ಚಬೇಕು ಎಂದು 1948ರಲ್ಲಿ ಜೂಲಿಯನ್ ಶ್ವಿಂಗರ್ ತೋರಿಸಿದ. ಈಗ ಲೆಕ್ಕವೂ ಅಳತೆಯೂ ಹತ್ತಕ್ಕೂ ಹೆಚ್ಚು ಅಂಕಿಯವರೆಗೆ ಕೂಡಿಬರುತ್ತವೆ.

ಎಲೆಕ್ಟ್ರಾನಿನ ದಪ್ಪ ಅಣ್ಣ ಮ್ಯುಯಾನ್, ಅದರಂಥದೇ ಆದರೆ ಹೆಚ್ಚು ಭಾರದ ಕಣ. ಅದರ ಇದೇ ಅಂಕಿ ಅಳೆಯಲು ಅಮೆರಿಕದವರು 15 ಮೀಟರ್ ಅಗಲದ ಅಯಸ್ಕಾಂತದ ಬಳೆಯನ್ನು 2013ರಲ್ಲಿ ನ್ಯೂಯಾರ್ಕ್ ಬಳಿಯಿಂದ ಶಿಕಾಗೊ ಬಳಿಗೆ ಸಾಗಿಸಿದರು. ಬಗ್ಗಿಸುವಂತಿಲ್ಲ, ಬಿಚ್ಚುವಂತಿಲ್ಲ. ಹಾಗಾಗಿ ದೋಣಿಯ ಮೇಲೆ ಕಡಲು, ನದಿ ಸುತ್ತಿ 5,000 ಕಿ.ಮೀ. ತಂದರು. 2021ರಲ್ಲಿ ಅಳತೆಗೂ ಲೆಕ್ಕಕ್ಕೂ ಹೊಂದುತ್ತಿಲ್ಲ, ಹೊಸ ಭೌತಶಾಸ್ತ್ರ ಸಿಕ್ಕೇಬಿಟ್ಟಿತು ಎಂದು ಪತ್ರಿಕೆಗಳು ಕುಣಿದವು. 2025ರ ಹೊತ್ತಿಗೆ ಲೆಕ್ಕವನ್ನೇ ಇನ್ನೂ ಚೆನ್ನಾಗಿ ಮಾಡಿದ್ದರು. ಅಂತರ ಹೆಚ್ಚುಕಡಿಮೆ ಮಾಯವಾಯಿತು. ಆ ಸುದ್ದಿ ಒಳಪುಟಕ್ಕೂ ಬರಲಿಲ್ಲ.

ತಮಾಷೆ ಎಂದರೆ, ಇಷ್ಟು ಕರಾರುವಾಕ್ಕಾದ ಶಾಸ್ತ್ರಕ್ಕೆ ಗಣಿತದ ಗಟ್ಟಿ ತಳಪಾಯ ಇನ್ನೂ ಸಿಕ್ಕಿಲ್ಲ. 2000ದಲ್ಲಿ ಅಮೆರಿಕದ ಕ್ಲೇ ಸಂಸ್ಥೆ ಏಳು ಪ್ರಶ್ನೆಗಳಿಗೆ ತಲಾ 10 ಲಕ್ಷ ಡಾಲರ್ ಇಟ್ಟಿತು. ಒಂದು ಈ ತಳಪಾಯದ ಬಗ್ಗೆ, ಯಾಂಗ್–ಮಿಲ್ಸ್ ಎಂದು ಹೆಸರು. ಇನ್ನೊಂದು ನೀರು, ಗಾಳಿ ಹರಿಯುವ ನೇವಿಯರ್–ಸ್ಟೋಕ್ಸ್ ಸಮೀಕರಣದ ಬಗ್ಗೆ. ಬಾತುಕೋಳಿಯೂ ಅಮೆರಿಕಾಸ್ ಕಪ್ಪೂ ಅದರಲ್ಲೇ ಬಂತು. ಮೂರನೆಯದು ಪಾಯಿಂಕರೆ ಪ್ರಶ್ನೆ. ದಾರವೊಂದು ಸುತ್ತಿ ಹೊರಟಲ್ಲಿಗೆ ಮರಳುವ ಗ್ರೂಪಿನ ಮೂಲಕ ಜಾಗದ ಆಕಾರ ಗುರುತಿಸಬಹುದೇ ಎಂಬುದು. ಏಳರಲ್ಲಿ ಇಲ್ಲಿಯವರೆಗೆ ಬಿಡಿಸಿದ್ದು ಅದೊಂದನ್ನೇ. ಬಿಡಿಸಿದ ಪೆರೆಲ್ಮನ್ ದುಡ್ಡು ಬೇಡ ಎಂದ.

ದುಡ್ಡು ಯಾವ ಮೆಟ್ಟಿಲಿನಿಂದ ಶುರು?

ಈಗ ದೆಹಲಿಗೆ. 2023ರ ಕಾಯ್ದೆಯಿಂದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂತು. ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಎಂದು ಘೋಷಣೆ. ಅದರಲ್ಲಿ ಸುಮಾರು 36,000 ಕೋಟಿ ಉದ್ಯಮಗಳಿಂದ, ದಾನಿಗಳಿಂದ ಬರಬೇಕು ಎಂಬ ಎಣಿಕೆ. 2025ರ ಜುಲೈನಲ್ಲಿ ಕೇಂದ್ರ ಸಂಪುಟ 1 ಲಕ್ಷ ಕೋಟಿಯ ಇನ್ನೊಂದು ನಿಧಿಗೆ ಒಪ್ಪಿತು. ಅದು ಖಾಸಗಿ ಕಂಪನಿಗಳ ಸಂಶೋಧನೆಗೆ ಕಡಿಮೆ ಬಡ್ಡಿಯ ಇಲ್ಲವೇ ಬಡ್ಡಿಯಿಲ್ಲದ ಸಾಲ. ತಂತ್ರಜ್ಞಾನ ಎಷ್ಟು ಹಣ್ಣಾಗಿದೆ ಎಂದು ನೋಡಲು 9 ಮೆಟ್ಟಿಲಿನ ಒಂದು ಅಳತೆ ಇದೆ. ಈ ನಿಧಿ ಶುರುವಾಗುವುದು ನಾಲ್ಕನೇ ಮೆಟ್ಟಿಲಿನಿಂದ.

ನಾಲ್ಕನೇ ಮೆಟ್ಟಿಲಿಗೆ ದುಡ್ಡು ಬೇಡ ಎಂದು ನಾನು ಹೇಳುತ್ತಿಲ್ಲ. ದೇಶ ಸಂಶೋಧನೆಗೆ ಖರ್ಚು ಮಾಡುವುದು ಜಿಡಿಪಿಯ 0.64 ಶೇಕಡಾ. ಚೀನಾ 2.7ರ ಆಸುಪಾಸು, ದಕ್ಷಿಣ ಕೊರಿಯಾ 5ರ ಹತ್ತಿರ. ನಮ್ಮ ಕಂಪನಿಗಳು ಸಂಶೋಧನೆಗೆ ಜೇಬು ಬಿಚ್ಚುವುದೇ ಕಡಿಮೆ, ಅದಕ್ಕೊಂದು ತಳ್ಳು ಬೇಕಿತ್ತು. ಸರಿ. ಆದರೆ ಗ್ರೂಪ್ ಥಿಯರಿ ಮೊದಲ ಮೆಟ್ಟಿಲಿಗೂ ಬಂದಿರುವುದಿಲ್ಲ, ಅಂಗಳದಲ್ಲೇ ಇರುತ್ತದೆ. ಅದಕ್ಕೆ ದುಡ್ಡು ಎಷ್ಟು ಬೇಕು? ಗಣಿತದವರಿಗೆಂದು ಬಂದ ಮ್ಯಾಟ್ರಿಕ್ಸ್ ಎಂಬ ಅನುದಾನ ಶುರುವಾಗಿದ್ದು ವರ್ಷಕ್ಕೆ 2 ಲಕ್ಷ ರೂಪಾಯಿಯಂತೆ ಮೂರು ವರ್ಷಕ್ಕೆ. ಹುಬ್ಬಳ್ಳಿಯ ಒಂದು ಮದುವೆಯ ಊಟದ ಖರ್ಚು!

ಹಾಗಾದರೆ ತೊಂದರೆ ಎಲ್ಲಿ? ಅನುದಾನದಲ್ಲಿ ಅಲ್ಲ, ಕುರ್ಚಿಯಲ್ಲಿ. ನೀತಿ ಆಯೋಗವೇ 2025ರ ಫೆಬ್ರವರಿಯ ವರದಿಯಲ್ಲಿ ಹೇಳಿದೆ: ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಶೇ 40ಕ್ಕೂ ಹೆಚ್ಚು ಬೋಧಕರ ಹುದ್ದೆ ಖಾಲಿ. ದೇಶದ ವಿದ್ಯಾರ್ಥಿಗಳಲ್ಲಿ ಬಹುಪಾಲು ಓದುವುದು ಅಲ್ಲೇ. ಮೇಷ್ಟ್ರೇ ಇಲ್ಲದ ಮೇಲೆ ಅರ್ಜಿ ಹಾಕುವವರು ಯಾರು? ಅತಿಥಿ ಉಪನ್ಯಾಸಕರು ವಾರಪೂರ್ತಿ ಕ್ಲಾಸ್ ತೆಗೆದುಕೊಂಡು, ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಎಂದು ಎಣಿಸುತ್ತ ಗ್ರೊಮೊವ್‌ನನ್ನು ಓದಬೇಕೇ?

‘ಅಂಥ ಕೆಲಸಕ್ಕೆ ಬೆಂಗಳೂರು, ಮುಂಬೈ ಇವೆಯಲ್ಲ’ ಎನ್ನುವವರಿಗೆ ಎರಡು ಮಾತು. ಈ ಶಾಸ್ತ್ರದಲ್ಲಿ ನಮ್ಮ ದೇಶದ ದೊಡ್ಡ ಹೆಸರು ಮಹಾನ್ ಮಹಾರಾಜ್, ರಾಮಕೃಷ್ಣ ಆಶ್ರಮದ ಸನ್ಯಾಸಿ. 2011ರಲ್ಲಿ ಭಟ್ನಾಗರ್, 2015ರಲ್ಲಿ ಇನ್ಫೋಸಿಸ್ ಪ್ರಶಸ್ತಿ ಪಡೆದವರು. ಈಗ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ (ಟಿಐಎಫ್‌ಆರ್) ಇದ್ದಾರೆ. ಹೆಸರು ತಂದ ಕೆಲಸ ಮಾಡಿದ ವರ್ಷಗಳಲ್ಲಿ ಅವರು ಇದ್ದದ್ದು ಬೇಲೂರು ಮಠದ, 2005ರಲ್ಲಿ ಹುಟ್ಟಿದ ಪುಟ್ಟ ವಿಶ್ವವಿದ್ಯಾಲಯದಲ್ಲಿ. ಕಟ್ಟಡ ದೊಡ್ಡದಿರಲಿಲ್ಲ, ಕೂತು ಯೋಚಿಸಲು ಬಿಡುವು ಇತ್ತು.

ಎರಡನೆಯದು 2017ರ ಡಿಸೆಂಬರ್‌ನದು. ಗ್ರೂಪಿನೊಳಗೆ ‘ಉದ್ದ’ ಅಳೆಯುವ ಬಗ್ಗೆ ಗಣಿತಜ್ಞ ಅಪೂರ್ವ ಖರೆ ಕೇಳಿದ ಪ್ರಶ್ನೆಯೊಂದನ್ನು ಹೆಸರಾಂತ ಗಣಿತಜ್ಞ ಟೆರೆನ್ಸ್ ಟಾವ್ ಎಲ್ಲರ ಮುಂದಿಟ್ಟರು. ಬೇರೆ ಬೇರೆ ದೇಶದವರು ಕೂತಲ್ಲೇ ಕೈಹಾಕಿದರು. ಬೆಂಗಳೂರಿನ ಐಐಎಸ್‌ಸಿಯ ಸಿದ್ಧಾರ್ಥ ಗಾಡ್ಗೀಳ್ ಕಂಪ್ಯೂಟರಿಗೆ ಹುಡುಕಲು ಹಚ್ಚಿದರು. ಅದು ಕಕ್ಕಿದ ಪ್ರೂಫನ್ನು ಮನುಷ್ಯರು ಓದಿ, ಅದರೊಳಗಿನ ಉಪಾಯ ಹಿಡಿದರು. ಕೆಲವೇ ದಿನಗಳಲ್ಲಿ ಪ್ರಶ್ನೆ ಬಗೆಹರಿಯಿತು. ಆ ಕೆಲಸಕ್ಕೆ ಬೇಕಿದ್ದ ಕಂಪ್ಯೂಟರ್, ಇಂಟರ್ನೆಟ್ ಇವತ್ತು ಹಾವೇರಿಯ ಹಾಸ್ಟೆಲ್ ಕೋಣೆಯಲ್ಲೂ ಇವೆ.

ಧಾರವಾಡದಲ್ಲಿ 1917ರ ಕರ್ನಾಟಕ ಕಾಲೇಜಿದೆ, 1949ರಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯವಿದೆ, 2016ರಿಂದ ಐಐಟಿ ಇದೆ. ಕೆಲವೇ ಕಿ.ಮೀ. ಅಂತರದಲ್ಲಿ. ಹೊಸ ಪ್ರತಿಷ್ಠಾನ ಪೇರ್ ಎಂಬ ಯೋಜನೆ ತಂದಿದೆ. ಮುಂದುವರಿದ ಸಂಸ್ಥೆ ಗಾಲಿಯ ಗುಂಬ, ಸುತ್ತಲಿನ ವಿಶ್ವವಿದ್ಯಾಲಯಗಳು ಅದರ ಅರೆಕಾಲು. ವಿಚಾರ ಒಳ್ಳೆಯದೇ. ಆದರೆ ಅರೆಕಾಲಿನಲ್ಲಿ ಕಟ್ಟಿಗೆ ಇರಬೇಕಲ್ಲ! ನನ್ನನ್ನು ಕೇಳಿದರೆ, ಯಾವ ಹೊಸ ಕೇಂದ್ರವೂ ಬೇಡ. ಗಣಿತಕ್ಕೆ ಖಾಯಂ ಮೇಷ್ಟ್ರ ಹುದ್ದೆ ತುಂಬಿ. ವಾರಕ್ಕೊಂದು ಮಧ್ಯಾಹ್ನ ಐಐಟಿಯವರೂ ವಿಶ್ವವಿದ್ಯಾಲಯದವರೂ ಒಂದೇ ಬೋರ್ಡಿನ ಮುಂದೆ ಕೂರಲಿ. ಚಹಾ, ಮಿರ್ಚಿ ಭಜಿಯ ಖರ್ಚು ನಾನು ಕೊಡುತ್ತೇನೆ ಬೇಕಾದರೆ. ಹಾಯಿದೋಣಿಯ ತೊಟ್ಟಿ ಕಟ್ಟಲು, ಮ್ಯುಯಾನಿನ ಬಳೆ ತರಲು ನಮಗೆ ಆಗುವುದಿಲ್ಲ. ಇದು ಆಗುತ್ತದೆ.

ಇಷ್ಟನ್ನೂ ಅಂದು ಅಕ್ಕನ ಮಗನಿಗೆ ಹೇಳಲಿಲ್ಲ, ಗಿರಮಿಟ್ ಖಾಲಿಯಾಗಿತ್ತು. ಎರಡು ದಿನದ ಮೇಲೆ ಅವನೇ ಒಂದು ಫೋಟೊ ಕಳಿಸಿದ. ಉಣಕಲ್ ಕೆರೆ, ಬಾತುಕೋಳಿ, ಪರದೆಯ ಮೇಲೆ ಎಳೆದ ಎರಡು ಗೆರೆ. ಕೆಳಗೆ ಬರೆದಿದ್ದ: ‘ಮಾಮಾ, 33 ಬಂತು. ನಿಮ್ಮ ಕೆಲ್ವಿನ್ ತಪ್ಪೋ, ನಾ ಫೋನ್ ಓರೆ ಹಿಡಿದಿದ್ದೋ?’ ಬಹುಶಃ ಫೋನ್ ಓರೆ ಇತ್ತು. ಮೇಲಿನಿಂದ ತೆಗೆಯಬೇಕು ಎಂದೆ. ಈ ಭಾನುವಾರ ಡ್ರೋನ್ ಇರುವ ಗೆಳೆಯನನ್ನು ಕರೆದುಕೊಂಡು ಹೋಗುತ್ತಾನಂತೆ.